ಬೀಳುವ ಲಿಫ್ಟಿಗೊಂದು ಹೋಟೆಲು

ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿಯವರ ಎಪ್‌ಕಾಟ್ ಎಂಬ ಪಾರ್ಕ್ ಇದೆ. ಅಲ್ಲಿನ ಕೆರೆಯ ಸುತ್ತ ಬೇರೆ ಬೇರೆ ದೇಶಗಳ ಹೆಸರಿನ ವಿಭಾಗಗಳಿವೆ. ಕೆರೆಯ ಈಚೆ ದಡದಲ್ಲಿ ನಿಂತು ಮೊರಾಕ್ಕೊ ವಿಭಾಗದ ಕಡೆ ನೋಡಿದರೆ, ಮಿನಾರಿನ ಹಿಂದೆ ಅದೇ ಮಣ್ಣುಬಣ್ಣದ ಇನ್ನೊಂದು ಎತ್ತರದ ಕಟ್ಟಡ ಕಾಣುತ್ತದೆ. ಅದರ ನೆತ್ತಿಯ ಗೋಪುರಗಳೂ ಮೊರಾಕ್ಕೊ ಶೈಲಿಯವೇ ಅನ್ನಿಸುತ್ತವೆ. ಆದರೆ ಆ ಕಟ್ಟಡ ಮೊರಾಕ್ಕೊಗೂ ಸೇರಿಲ್ಲ, ಎಪ್‌ಕಾಟ್‌ಗೂ ಸೇರಿಲ್ಲ. ಅದು ನೆರೆಯ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನ ಟವರ್ ಆಫ್ ಟೆರರ್ ಎಂಬ ರೈಡಿನ ಬೆನ್ನು. 1994ರಲ್ಲಿ ಅದು ಏಳುವ ಹೊತ್ತಿಗೆ ಮೊರಾಕ್ಕೊ ವಿಭಾಗಕ್ಕೆ ಹತ್ತು ವರ್ಷ ತುಂಬುತ್ತಿತ್ತು. ಹೊಸ ಕಟ್ಟಡ ಅದರ ಹಿಂದೆ ಇಣುಕುವುದು ತಪ್ಪುವಂತಿರಲಿಲ್ಲ. ಅದಕ್ಕೇ ಅದರ ಬಣ್ಣ ಮತ್ತು ಮೇಲ್ತುದಿಯ ಆಕಾರಗಳನ್ನು ಮೊರಾಕ್ಕೊಗೆ ಒಗ್ಗುವಂತೆ ಆರಿಸಿದರು.

ಎತ್ತರವನ್ನು 199 ಅಡಿಗೆ ನಿಲ್ಲಿಸಿದರು. 200 ಅಡಿ ದಾಟಿದ ಕಟ್ಟಡಕ್ಕೆ ವಿಮಾನಗಳ ಸಲುವಾಗಿ ಮಿನುಗುದೀಪ ಹಾಕಬೇಕೆಂಬುದು ಅಲ್ಲಿನ ನಿಯಮ. 1939ರಲ್ಲಿ ಸಿಡಿಲು ಬಡಿದು ಹಾಳುಬಿದ್ದ ಹೋಟೆಲು ಎಂಬುದು ಆ ರೈಡಿನ ಕಥೆ. ಅಂಥ ಹೋಟೆಲಿನ ತಲೆಯ ಮೇಲೆ ಕೆಂಪು ದೀಪ ಮಿನುಗುತ್ತಿದ್ದರೆ ಕಥೆಯನ್ನು ಯಾರೂ ನಂಬುವುದಿಲ್ಲ.

ಒಂದು ರೈಡು ತಾನಿರುವ ಪಾರ್ಕಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಕಟ್ಟುವವರು ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದಕ್ಕೆ ಈ ಕಟ್ಟಡ ಒಳ್ಳೆಯ ಸಾಕ್ಷಿ. ನಮ್ಮ ಜಾತ್ರೆಗಳಲ್ಲಿ ಜಯಂಟ್ ವೀಲ್, ಕೊಲಂಬಸ್ ಬಂದು ನಿಲ್ಲುತ್ತವೆ. ಅವು ಯಾವ ಕಥೆಗೆ ಸೇರಿದವು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹತ್ತಿ, ಕೂಗಿ, ಇಳಿದರೆ ಮುಗಿಯಿತು. ಥೀಮ್ ಪಾರ್ಕಿನ ಒಪ್ಪಂದ ಬೇರೆ. ಗೇಟು ದಾಟಿದ ಮೇಲೆ ನೀವು ಇನ್ನೊಂದು ಊರಿನಲ್ಲಿ, ಇನ್ನೊಂದು ಕಾಲದಲ್ಲಿ ಇದ್ದೀರಿ ಎಂದು ಅದು ಮಾತು ಕೊಟ್ಟಿರುತ್ತದೆ. ಕಂಪನಿ ನಾಟಕದಲ್ಲಿ ಕಾಡಿನ ಪರದೆ ಇಳಿಬಿಟ್ಟು ಅದರ ಮುಂದೆ ದರ್ಬಾರು ನಡೆಸಿದರೆ ಪ್ರೇಕ್ಷಕ ಒಪ್ಪುತ್ತಾನೆಯೇ? ಇಲ್ಲೂ ಅಷ್ಟೆ.

ಹಾಗಾದರೆ ಹೊಂದುವುದು ಎಂದರೇನು? ಬಣ್ಣ ಬಳಿದು, ಹೆಸರು ಬದಲಿಸಿ, ಬೊಂಬೆ ನಿಲ್ಲಿಸಿದರೆ ಆಯಿತು ಎಂದು ಎಷ್ಟೋ ಪಾರ್ಕುಗಳವರು ತಿಳಿದಂತಿದೆ. ನನ್ನ ಲೆಕ್ಕದಲ್ಲಿ ಮೊದಲ ಪರೀಕ್ಷೆ ಬೇರೆಯೇ: ರೈಡು ನಮ್ಮ ಮೈಯನ್ನು ಏನು ಮಾಡುತ್ತದೋ, ಅಂದರೆ ಬೀಳಿಸುವುದು, ತಿರುಗಿಸುವುದು, ನೂಕುವುದು, ಅದಕ್ಕೆ ಆ ಜಾಗದ ಕಥೆಯೊಳಗೇ ಒಂದು ಕಾರಣ ಇರಬೇಕು. ಲಿಫ್ಟ್ ಬೀಳಬಹುದು ಎಂಬ ಅಳುಕು ಎತ್ತರದ ಕಟ್ಟಡದಲ್ಲಿ ಎಲ್ಲರಿಗೂ ಒಮ್ಮೆಯಾದರೂ ಬಂದಿರುತ್ತದೆ. ಟವರ್ ಆಫ್ ಟೆರರ್ ಕೈಹಾಕುವುದು ಅಲ್ಲಿಗೇ.

ಒಳಗೆ ಹೋಗುವ ದಾರಿಯನ್ನೇ ನೋಡಿ. 1930ರ ದಶಕದ ಹಾಲಿವುಡ್ಡನ್ನು ನೆನಪಿಸುವ ಬೀದಿಯ ಕೊನೆಯಲ್ಲಿ ಹೋಟೆಲು ನಿಂತಿದೆ. ಗಿಡಬಳ್ಳಿ ಬೇಕಾಬಿಟ್ಟಿ ಬೆಳೆದ ತೋಟದ ನಡುವೆ ಸರತಿ ಸಾಲು ಸಾಗುತ್ತದೆ. ಲಾಬಿಯಲ್ಲಿ ದೂಳು, ಜೇಡರ ಬಲೆ, ಯಾರೋ ಬಿಟ್ಟುಹೋದ ಪೆಟ್ಟಿಗೆಗಳು, ಅರ್ಧಕ್ಕೇ ಎದ್ದುಹೋದ ಆಟದ ಮೇಜು. ಅತಿಥಿಗಳ ಲಿಫ್ಟು ಕೆಟ್ಟು ಕೂತಿದೆ. ಹೋಟೆಲ್ ಹುಡುಗರ ಸಮವಸ್ತ್ರ ತೊಟ್ಟ ಸಿಬ್ಬಂದಿ ನಿಮ್ಮನ್ನು ಲೈಬ್ರರಿಗೆ, ಅಲ್ಲಿಂದ ಬಾಯ್ಲರ್ ಕೋಣೆಗೆ ಕಳಿಸುತ್ತಾರೆ. ಹತ್ತಬೇಕಾದದ್ದು ಸರಂಜಾಮು ಸಾಗಿಸುವ ಲಿಫ್ಟನ್ನು. ಸೀಟುಗಳಿರುವ, ಬೆಲ್ಟು ಕಟ್ಟಿಕೊಳ್ಳಬೇಕಾದ ಒರಟು ಡಬ್ಬಿಯೊಂದು ಹೋಟೆಲಿನಲ್ಲಿ ಏಕಿದೆ ಎಂಬ ಪ್ರಶ್ನೆ ಏಳುವ ಮೊದಲೇ ಅದಕ್ಕೆ ಉತ್ತರ ಸಿಕ್ಕಿರುತ್ತದೆ. ಕಾಯುವ ಹೊತ್ತೆಲ್ಲ ಕಥೆಯಾಗಿ ಬದಲಾಗಿರುವುದು ನನಗೆ ಈ ರೈಡಿನ ಅತ್ಯುತ್ತಮ ಗುಣ ಅನ್ನಿಸುತ್ತದೆ.

ಯಂತ್ರದ ಕೆಲಸವೂ ಸ್ವಾರಸ್ಯದ್ದು. ಲಿಫ್ಟುಗಳಿಗೇ ಹೆಸರಾದ ಓಟಿಸ್ ಕಂಪನಿ ಇದರ ತಯಾರಿಯಲ್ಲಿತ್ತು. ಬೀಳದಂಥ ಲಿಫ್ಟು ಮಾಡಿ ಹೆಸರು ಗಳಿಸಿದವರಿಗೆ ಬೀಳುವಂಥದ್ದನ್ನು ಮಾಡುವ ಕೆಲಸ ಬಂತು. ಇಲ್ಲಿ ಲಿಫ್ಟು ಸುಮ್ಮನೆ ಕೈಬಿಟ್ಟಂತೆ ಬೀಳುವುದಿಲ್ಲ. ಕೇಬಲ್ಲು ಅದನ್ನು ಕೆಳಕ್ಕೂ ಎಳೆಯುತ್ತದೆ, ಅದೂ ಗುರುತ್ವಾಕರ್ಷಣೆಗಿಂತ ಜೋರಾಗಿ. ಹಾಗಾಗಿ ಡಬ್ಬಿ ನಿಮ್ಮ ಮೈಗಿಂತ ಬೇಗ ಇಳಿಯುತ್ತದೆ, ಸೀಟಿನಿಂದ ಎದ್ದು ಬೆಲ್ಟಿಗೆ ಆತುಕೊಳ್ಳುತ್ತೀರಿ. ಫ್ಲೋರಿಡಾದ ರೈಡಿನಲ್ಲಿ ಇದಕ್ಕೂ ಮೊದಲು ಇನ್ನೊಂದು ನಡೆಯುತ್ತದೆ. ಮೇಲೇರಿದ ಡಬ್ಬಿ ಲಿಫ್ಟಿನ ಬಾವಿಯಿಂದ ಹೊರಬಂದು, ಕತ್ತಲ ಕೋಣೆಯೊಂದರಲ್ಲಿ ಅಡ್ಡಡ್ಡ ಸಾಗಿ, ಇನ್ನೊಂದು ಬಾವಿಯೊಳಕ್ಕೆ ಸೇರುತ್ತದೆ. ಲಿಫ್ಟು ಮೇಲೆ ಕೆಳಗೆ ಬಿಟ್ಟು ಬೇರೆ ದಿಕ್ಕಿಗೆ ಹೋಗಬಾರದಲ್ಲ. ಹೋಯಿತೆಂದರೆ ಇದು ಮಾಮೂಲಿ ಲೋಕ ಅಲ್ಲ ಎಂದು ಮೈಗೇ ಗೊತ್ತಾಗುತ್ತದೆ.

ಇದೇ ರೈಡು ಬೇರೆ ಪಾರ್ಕುಗಳಿಗೆ ಹೋದಾಗ ಏನಾಯಿತು ಎಂಬುದರಲ್ಲಿ ಕಲಿಯುವುದು ಬಹಳ ಇದೆ. ಫ್ಲೋರಿಡಾದ ಕಥೆಗೆ ಆಧಾರ ‘ದಿ ಟ್ವೈಲೈಟ್ ಜೋನ್’ ಎಂಬ ಹಳೆಯ ಅಮೆರಿಕನ್ ಟಿವಿ ಧಾರಾವಾಹಿ. ಟೋಕಿಯೋ ಡಿಸ್ನಿಸೀಯಲ್ಲಿ 2006ರಲ್ಲಿ ರೈಡನ್ನು ತೆರೆದಾಗ ಆ ಧಾರಾವಾಹಿಯನ್ನು ಪೂರ್ತಿ ಬಿಟ್ಟರು. ಅಲ್ಲಿ ಕಟ್ಟಡ ನಿಂತಿರುವುದು 20ನೆಯ ಶತಮಾನದ ಆರಂಭದ ನ್ಯೂಯಾರ್ಕ್ ಬಂದರಿನ ಬೀದಿಯಲ್ಲಿ. ಆ ಬೀದಿಗೆ ತಕ್ಕಂತೆ ಹ್ಯಾರಿಸನ್ ಹೈಟವರ್ ಎಂಬ ಸಿರಿವಂತನನ್ನು ಸೃಷ್ಟಿಸಿದರು. ಲೋಕವೆಲ್ಲ ಸುತ್ತಿ ಬುಡಕಟ್ಟು ಜನರ ವಿಗ್ರಹಗಳನ್ನು ಹೊತ್ತು ತಂದವನು ಅವನು. 1899ರ ಕೊನೆಯ ರಾತ್ರಿ ತಾನು ತಂದ ವಿಗ್ರಹವೊಂದರ ಶಾಪಕ್ಕೆ ಸಿಕ್ಕಿ ತನ್ನದೇ ಹೋಟೆಲಿನ ಲಿಫ್ಟಿನಲ್ಲಿ ಕಾಣೆಯಾಗುತ್ತಾನೆ. ರೈಡಿಗೆ ಮೊದಲು ಅವನ ಕೋಣೆಯಲ್ಲಿ ಆ ವಿಗ್ರಹ ನಿಮ್ಮ ಕಣ್ಣೆದುರೇ ಮಾಯವಾಗುತ್ತದೆ. ಯಂತ್ರದ ಕೆಲಸ ಅದೇ, ಬೀಳಿಸುವುದು. ಆದರೆ ಬೀಳುವ ಕಾರಣವನ್ನು ಆ ಊರಿನಿಂದಲೇ ಹುಟ್ಟಿಸಿದ್ದಾರೆ.

ಡಿಸ್ನಿಯವರದೇ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕಿನ ಕಥೆ ಇಷ್ಟು ಚಂದವಾಗಿಲ್ಲ. 2004ರಲ್ಲಿ ಅಲ್ಲೂ ಹಾಲಿವುಡ್ ಹೋಟೆಲಾಗಿಯೇ ಈ ರೈಡು ಬಂತು, 183 ಅಡಿ ಎತ್ತರಕ್ಕೆ. 2017ರ ಜನವರಿಯಲ್ಲಿ ಮುಚ್ಚಿ, ಅದೇ ವರ್ಷ ಮೇ 27ಕ್ಕೆ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಎಂಬ ಮಾರ್ವೆಲ್ ಸಿನಿಮಾದ ಹೆಸರಿನಲ್ಲಿ ಮತ್ತೆ ತೆರೆದರು. ಅದೇ ಬಾವಿ, ಅದೇ ಲಿಫ್ಟು. ಹೋಟೆಲಿನ ಮೈಮೇಲೆ ಕೊಳವೆಗಳು, ಲೋಹದ ಕವಚ ಹೊದಿಸಿ ಅದನ್ನು ಅನ್ಯಗ್ರಹದ ಕೋಟೆ ಮಾಡಿದರು. ಒಳಗೆ ಕಥೆ ಸರಿಯಾಗಿಯೇ ಕೂತಿದೆ ಎಂದು ಒಪ್ಪಬೇಕು. ರಾಕೆಟ್ ಎಂಬ ರಕೂನ್ ಅಲ್ಲಿ ಸೆರೆಯಾದ ಗೆಳೆಯರನ್ನು ಬಿಡಿಸಲು ಕೋಟೆಯ ಕರೆಂಟು ಕಿತ್ತುಹಾಕುತ್ತದೆ, ಲಿಫ್ಟು ರಾಕ್ ಹಾಡಿನ ತಾಳಕ್ಕೆ ಏರಿಳಿಯುತ್ತದೆ. ಭಯದ ಜಾಗದಲ್ಲಿ ಕುಣಿತ ಬಂದಿದೆ, ಅದು ಆ ಸಿನಿಮಾದ ಗುಣಕ್ಕೆ ತಕ್ಕದ್ದೇ. ತೊಂದರೆ ಇರುವುದು ಹೊರಗೆ. ಪಕ್ಕದಲ್ಲೇ ಹಳೆಯ ಹಾಲಿವುಡ್ ಬೀದಿ. ಅದರ ಮೇಲೆ ಅನ್ಯಗ್ರಹದ ಕೋಟೆ. ಎಣ್ಣೆ ಶುದ್ಧೀಕರಣ ಕಾರ್ಖಾನೆ ಇದ್ದಂತಿದೆ ಎಂದು ಪಾರ್ಕಿನ ಅಭಿಮಾನಿಗಳೇ ದೂರಿದರು. ಅದರ ಸುತ್ತ ಮಾರ್ವೆಲ್ ಲೋಕದ್ದೇ ಆದ ಅವೆಂಜರ್ಸ್ ಕ್ಯಾಂಪಸ್ ತೆರೆದದ್ದು 2021ರ ಜೂನಿನಲ್ಲಿ. ಅಂದರೆ ನಾಲ್ಕು ವರ್ಷ ಆ ಕೋಟೆ ತನ್ನವರು ಯಾರೂ ಇಲ್ಲದ ಊರಿನಲ್ಲಿ ಒಂಟಿಯಾಗಿ ನಿಂತಿತ್ತು. ಅಷ್ಟು ಎತ್ತರದ್ದನ್ನು ಮರಗಿಡಗಳಿಂದ ಮರೆಮಾಡಲೂ ಆಗುವುದಿಲ್ಲ.

ಕಣ್ಣಿಗೆ ಬೀಳಬಾರದ್ದನ್ನು ಮರೆಮಾಡುವುದು ಈ ಕಸುಬಿನಲ್ಲಿ ಮೊದಲಿನಿಂದಲೂ ದೊಡ್ಡ ಕೆಲಸ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಮೂಲ ಡಿಸ್ನಿಲ್ಯಾಂಡಿನ ಸುತ್ತ ಮಣ್ಣಿನ ಏರಿ ಇದೆ, ಅದರ ಮೇಲೆ ರೈಲು ಓಡುತ್ತದೆ. ಹೊರಗಿನ ಆನಹೈಮ್ ಪಟ್ಟಣ ಒಳಗಿದ್ದವರಿಗೆ ಕಾಣಬಾರದು ಎಂಬುದು ಉದ್ದೇಶ. ಆದರೆ 1960ರ ದಶಕದಲ್ಲಿ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’, ‘ಹಾಂಟೆಡ್ ಮ್ಯಾನ್ಷನ್’ ಎಂಬ ಎರಡು ದೊಡ್ಡ ರೈಡುಗಳನ್ನು ಕಟ್ಟಲು ಹೊರಟಾಗ ಏರಿಯ ಒಳಗೆ ಜಾಗ ಸಾಲಲಿಲ್ಲ. ದೊಡ್ಡ ಶೆಡ್ಡುಗಳನ್ನು ಏರಿಯ ಆಚೆ ಕಟ್ಟಬೇಕು, ಜನರನ್ನು ರೈಲುಹಳಿಯ ಕೆಳಗೆ ದಾಟಿಸಬೇಕು, ಅದು ಅವರಿಗೆ ಗೊತ್ತಾಗಲೂ ಬಾರದು. ಪೈರೇಟ್ಸ್‌ನಲ್ಲಿ ದೋಣಿ ಎರಡು ಕಡೆ ಜಾರಿ ಕೆಳಗಿಳಿಯುತ್ತದೆ, ಕಡಲ್ಗಳ್ಳರ ಗುಹೆಗೆ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಮ್ಯಾನ್ಷನ್ನಿನಲ್ಲಿ ಎಂಟು ಮೂಲೆಯ ಕೋಣೆಯೊಳಗೆ ನಿಲ್ಲಿಸುತ್ತಾರೆ. ಗೋಡೆಗಳು ಉದ್ದವಾಗುತ್ತಿವೆ, ಅವುಗಳ ಮೇಲಿನ ಚಿತ್ರಪಟಗಳು ಹಿಗ್ಗುತ್ತಿವೆ. ನಿಜಕ್ಕೂ ಆಗುತ್ತಿರುವುದು, ಕಾಲ ಕೆಳಗಿನ ನೆಲವೇ ಲಿಫ್ಟಿನಂತೆ ಇಳಿಯುತ್ತಿದೆ. ಇಳಿದ ಮೇಲೆ ಉದ್ದನೆಯ ಹಜಾರದಲ್ಲಿ ನಡೆಯುತ್ತ ಹಳಿಯನ್ನು ದಾಟಿರುತ್ತೀರಿ.

1971ರಲ್ಲಿ ಫ್ಲೋರಿಡಾದಲ್ಲಿ ಇದೇ ಮನೆಯನ್ನು ಕಟ್ಟುವಾಗ ಹಳಿಯ ಕೆಳಗೆ ಇಳಿಯುವ ಅಗತ್ಯವೇ ಇರಲಿಲ್ಲ. ಆದರೂ ಹಿಗ್ಗುವ ಕೋಣೆಯನ್ನು ಉಳಿಸಿಕೊಂಡರು. ಅಲ್ಲಿ ನೆಲ ನಿಂತಲ್ಲೇ ಇರುತ್ತದೆ, ಚಾವಣಿ ಮೇಲೇರುತ್ತದೆ. ಜಾಗದ ಅಡಚಣೆಯಿಂದ ಹುಟ್ಟಿದ್ದು ಕಥೆಯಲ್ಲಿ ಅಷ್ಟು ಬೆರೆತುಹೋಗಿತ್ತು.

ಆ ದೆವ್ವದ ಮನೆ ಪಾರ್ಕಿನಿಂದ ಪಾರ್ಕಿಗೆ ವಿಳಾಸವನ್ನೂ ಬದಲಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ನ್ಯೂ ಆರ್ಲಿಯನ್ಸ್ ಬಡಾವಣೆಯಲ್ಲಿ, ಫ್ಲೋರಿಡಾದಲ್ಲಿ ಅಮೆರಿಕ ಸ್ವಾತಂತ್ರ್ಯಕಾಲದ ಲಿಬರ್ಟಿ ಸ್ಕ್ವೇರಿನಲ್ಲಿ, ಟೋಕಿಯೋದಲ್ಲಿ ಕಿನ್ನರಕಥೆಗಳ ಫ್ಯಾಂಟಸಿಲ್ಯಾಂಡಿನಲ್ಲಿ, ಪ್ಯಾರಿಸ್ಸಿನಲ್ಲಿ ಗಣಿಗಾರರ ಕಾಲದ ಫ್ರಂಟಿಯರ್‌ಲ್ಯಾಂಡಿನಲ್ಲಿ. ಹಾಂಕಾಂಗಿನಲ್ಲಿ 2013ರಲ್ಲಿ ಕಟ್ಟಿದಾಗ ದೆವ್ವಗಳನ್ನೇ ಕೈಬಿಟ್ಟು, ವಿಚಿತ್ರ ವಸ್ತುಗಳನ್ನು ಸಂಗ್ರಹಿಸುವ ಸಾಹಸಿಯ ಮನೆ ಮಾಡಿದರು. ಅಲ್ಲಿ ತಂಟೆ ಶುರುಮಾಡುವುದು ಆತ ಸಾಕಿದ ಕೋತಿ.

ಇಷ್ಟೆಲ್ಲ ಕಷ್ಟ ಎಲ್ಲ ಪಾರ್ಕುಗಳೂ ಪಡುವುದಿಲ್ಲ, ಅದಕ್ಕೆ ಕಾರಣ ಹಣ. ರೋಲರ್ ಕೋಸ್ಟರುಗಳನ್ನು ಮಾಡುವ ಕಂಪನಿಗಳ ಬಳಿ ಸಿದ್ಧ ವಿನ್ಯಾಸಗಳಿರುತ್ತವೆ. ಅದನ್ನೇ ಕೊಂಡರೆ ಅಗ್ಗ, ಬೇಗ ನಿಲ್ಲಿಸಬಹುದು. ಒಂದೇ ಬಗೆಯ ಹಳಿ ಹತ್ತಾರು ಊರುಗಳಲ್ಲಿ ಹತ್ತಾರು ಹೆಸರು ಹೊತ್ತು ನಿಲ್ಲುವುದು ಹೀಗೆ. ಇನ್ನೊಂದು ದಾರಿ, ಇರುವ ರೈಡಿಗೇ ಹೊಸ ಸಿನಿಮಾದ ಹೆಸರು ಕೊಡುವುದು. ಹೀಗೆ ಹೆಸರು ಬದಲಿಸಿದ ರೈಡನ್ನೂ ಕಥೆಗೆಂದೇ ಕಟ್ಟಿದ ರೈಡನ್ನೂ ಆರ್ಲ್ಯಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ಹೋಲಿಸಿ ನೋಡಬಹುದು. 1999ರಿಂದ ಅಲ್ಲಿ ಡುಯೆಲಿಂಗ್ ಡ್ರ್ಯಾಗನ್ಸ್ ಎಂಬ ಜೋಡಿ ಕೋಸ್ಟರ್ ಇತ್ತು. 2010ರಲ್ಲಿ ಹ್ಯಾರಿ ಪಾಟರ್ ಲೋಕ ತೆರೆದಾಗ ಅದನ್ನೇ ಡ್ರ್ಯಾಗನ್ ಚಾಲೆಂಜ್ ಎಂದು ಕರೆದು, ಪುಸ್ತಕದಲ್ಲಿ ಬರುವ ಡ್ರ್ಯಾಗನ್‌ಗಳ ಹೆಸರಿಟ್ಟರು. ಅಲ್ಲೇ ಬಯಲಿನಲ್ಲಿ ಬರಿಯ ಉಕ್ಕಿನ ಹಳಿಗಳು, ಈಚೆಗೆ ಹಿಮ ಹೊದ್ದ ಹಾಗ್ಸ್‌ಮೀಡ್ ಹಳ್ಳಿ. 2017ರಲ್ಲಿ ಅದನ್ನು ಮುಚ್ಚಿ, 2019ರ ಜೂನಿನಲ್ಲಿ ಅದೇ ಜಾಗದಲ್ಲಿ ಪಾಟರ್ ಕಥೆಯ ಹ್ಯಾಗ್ರಿಡ್‌ನ ಮೋಟಾರ್‌ಬೈಕ್ ಕೋಸ್ಟರ್ ತಂದರು. ಕೂರುವುದು ಬೈಕಿನ ಮೇಲೆ, ಇಲ್ಲವೇ ಅದರ ಪಕ್ಕದ ಸೈಡ್‌ಕಾರಿನಲ್ಲಿ. ಸರಪಳಿ ಟಕಟಕ ಎಂದು ಮೇಲಕ್ಕೆ ಎಳೆಯುವುದಿಲ್ಲ. ಬೈಕು ಗಕ್ಕನೆ ಮುನ್ನುಗ್ಗುತ್ತದೆ, ನಿಲ್ಲುತ್ತದೆ, ಮತ್ತೆ ನುಗ್ಗುತ್ತದೆ, ಕಾಡಿನ ಮರಗಳ ನಡುವೆ. ಸರಪಳಿಯ ಸದ್ದು ಕೆಟ್ಟದ್ದೇನಲ್ಲ. ಡಿಸ್ನಿಲ್ಯಾಂಡಿನ ಗಣಿರೈಲು ಬಿಗ್ ಥಂಡರ್ ಮೌಂಟನ್ನಿನಲ್ಲಿ ಅದೇ ಸದ್ದು, ಅದೇ ಎಳೆದಾಟ ಹಳೆಯ ಗಣಿಯದ್ದಾಗಿಯೇ ಕೇಳಿಸುತ್ತದೆ. ಬೈಕಿಗೆ ಅದು ಸಲ್ಲದು, ಅಷ್ಟೆ.

ಎಪ್‌ಕಾಟ್‌ನ ನಾರ್ವೆ ವಿಭಾಗದ ಪ್ರಶ್ನೆ ನನಗೆ ಇವೆಲ್ಲಕ್ಕಿಂತ ಗಹನ. ಅಲ್ಲಿ 1988ರಿಂದ ಮೇಲ್‌ಸ್ಟ್ರಾಮ್ ಎಂಬ ದೋಣಿ ಸವಾರಿ ಇತ್ತು: ವೈಕಿಂಗರು, ಟ್ರೋಲ್‌ಗಳು, ಉತ್ತರ ಸಮುದ್ರ. 2014ರಲ್ಲಿ ಅದನ್ನು ಮುಚ್ಚಿ, 2016ರಲ್ಲಿ ಅದೇ ಕಾಲುವೆ, ಅದೇ ದೋಣಿಗಳಿಗೆ ‘ಫ್ರೋಜನ್’ ಸಿನಿಮಾದ ಎಲ್ಸಾ, ಆನಾರನ್ನು ತಂದರು. ಆ ಸಿನಿಮಾದ ಮನೆ, ಬಟ್ಟೆ, ಕಡಲತೋಳುಗಳಿಗೆ ನಾರ್ವೆಯೇ ಸ್ಫೂರ್ತಿ, ಆದ್ದರಿಂದ ಕಣ್ಣಿಗೆ ಏನೂ ಅಪಸ್ವರವಿಲ್ಲ. ಆದರೆ ಎಪ್‌ಕಾಟ್‌ನ ಆ ಭಾಗ ಕಟ್ಟಿದ್ದು ಇರುವ ದೇಶಗಳನ್ನು ತೋರಿಸಲು, ಸಿನಿಮಾದ ಅರೆಂಡೆಲ್ ಎಂಬುದು ಇಲ್ಲದ ರಾಜ್ಯ. ಬಣ್ಣ, ಕಟ್ಟಡ, ಚಲನೆ ಮೂರೂ ಕೂಡಿಬಂದು ಉದ್ದೇಶವೊಂದು ಕೂಡಿಬರದಿದ್ದರೆ ಆ ರೈಡು ಹೊಂದುವುದಿಲ್ಲ ಎಂದೇ ನನ್ನ ಎಣಿಕೆ. ಮಕ್ಕಳು ಎಲ್ಸಾಳನ್ನು ನೋಡಿ ಹಿಗ್ಗುವುದು ನಿಜ. ಅವರಿಗೆ ಅಲ್ಲಿ ನಾರ್ವೆ ಸಿಗುವುದು ಮೊದಲಿಗಿಂತ ಕಡಿಮೆಯಾಗಿದೆ ಎಂಬುದೂ ನಿಜ.

ಇದಕ್ಕೆ ವಿರುದ್ಧವಾಗಿ, ಅಂಕೆಯೇ ಹೊಂದಿಕೆಯನ್ನು ತಂದುಕೊಟ್ಟದ್ದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ. ಅಲ್ಲಿ ಯಾವ ರೈಡೂ ಮರಗಳ ತಲೆ ಮೀರಬಾರದು. 1994ರ ನೆಮೆಸಿಸ್ ಕೋಸ್ಟರಿಗಾಗಿ ಬಂಡೆ ಸಿಡಿಸಿ ಹಳ್ಳ ತೋಡಿದರು. ನೆಲ ಅಗೆದಾಗ ಅನ್ಯಲೋಕದ ಜೀವಿಯೊಂದು ಸಿಕ್ಕಿತು, ಈ ಉಕ್ಕಿನ ಹಳಿ ಅದನ್ನು ಹಿಡಿದಿಟ್ಟ ಸರಳು ಎಂದು ಕಥೆ ಕಟ್ಟಿದರು. ಹಳ್ಳದಲ್ಲಿ ಕೆಂಪು ನೀರು ಹರಿಯುತ್ತದೆ. ಕೋಸ್ಟರು ಬಂಡೆಗಳಿಗೆ ಉಜ್ಜಿಕೊಂಡಂತೆ ಸುಳಿಯುವುದರಿಂದ, ಬಯಲಲ್ಲಿ ಇನ್ನೂ ಎತ್ತರಕ್ಕೆ ನಿಲ್ಲಿಸಿದ್ದರೂ ಬರದ ವೇಗ ಇಲ್ಲಿ ಕಾಣುತ್ತದೆ.

ನಮ್ಮ ಕಡೆಯ ಪಾರ್ಕುಗಳನ್ನು ಇದೇ ಅಳತೆಯಲ್ಲಿ ಅಳೆಯಬಾರದು. 2005ರಿಂದ ಬಿಡದಿಯಲ್ಲಿರುವ ವಂಡರ್‌ಲಾ ಮುಖ್ಯವಾಗಿ ಮೋಜಿನ ಪಾರ್ಕು. ಅಲ್ಲಿ ನೋಡಬೇಕಾದದ್ದು ರೈಡಿನ ಚುರುಕು, ಸುರಕ್ಷೆ, ಸರತಿಯ ಉದ್ದ. ಮುಂಬೈ–ಪುಣೆ ಹೆದ್ದಾರಿಯ ಬಳಿ ಖೋಪೋಲಿಯಲ್ಲಿ 2013ರಲ್ಲಿ ಬಂದ ಇಮ್ಯಾಜಿಕಾ ಮಾತ್ರ ತನ್ನನ್ನು ಥೀಮ್ ಪಾರ್ಕ್ ಎಂದೇ ಕರೆದುಕೊಂಡಿತು, ಹಾಗಾಗಿ ಅದನ್ನು ಕೇಳಬಹುದು. ಅಲ್ಲಿನ ನೈಟ್ರೋ ಒಳ್ಳೆಯ ಕೋಸ್ಟರ್, ಕಾಲ ಕೆಳಗೆ ನೆಲವಿಲ್ಲದೆ ಸುತ್ತಿಸುತ್ತದೆ. ಅದನ್ನು ಕಳಚಿ ಬೇರೆ ಯಾವ ದೇಶದಲ್ಲಿ ನಿಲ್ಲಿಸಿದರೂ ಏನೂ ಬದಲಾಗದು. ಅದೇ ಪಾರ್ಕಿನಲ್ಲಿ ದೋಣಿಯಲ್ಲಿ ಕೂತು ಡೈನೋಸಾರುಗಳ ನಡುವೆ ಸಾಗುವ ಇನ್ನೊಂದು ಸವಾರಿಗೆ ರಾಜಾಸಾರಸ್ ಎಂಬ ಹೆಸರಿದೆ. ಇದು ಹಾಲಿವುಡ್ ಸಿನಿಮಾದಿಂದ ಎರವಲು ತಂದ ಪ್ರಾಣಿಯಲ್ಲ, ಗುಜರಾತಿನಲ್ಲಿ ಪಳೆಯುಳಿಕೆ ಸಿಕ್ಕಿ 2003ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಭಾರತದ್ದೇ ಡೈನೋಸಾರ್. ದೋಣಿ ಕಡಿದಾಗಿ ಜಾರುವುದು ಅಮೆರಿಕದ ಪಾರ್ಕುಗಳಿಂದ ಕಲಿತ ವಿದ್ಯೆ. ಅದರ ಸುತ್ತ ಕಟ್ಟಿದ ಕಾಡಿಗೆ ಇಲ್ಲಿಯದೇ ನೆಲ ಸಿಕ್ಕಿದೆ.