ಫಲಕದಲ್ಲಿ ಇಲ್ಲದ ಮಕ್ಕಳು

ಬೇಸಿಗೆ ಬಂತೆಂದರೆ ಬಾಗಲಕೋಟೆ ನವನಗರದ ವೃತ್ತಗಳಲ್ಲಿ, ಬಾದಾಮಿ ಹಾಗೂ ಹುನಗುಂದದ ಬಸ್ ನಿಲ್ದಾಣಗಳ ಸುತ್ತಮುತ್ತ, ಇಳಕಲ್ಲಿನ ಹೆದ್ದಾರಿಯ ಬದಿಯಲ್ಲಿ ಒಂದೇ ಬಗೆಯ ಫ್ಲೆಕ್ಸ್‌ಗಳು ಕಾಣಿಸಿಕೊಳ್ಳುತ್ತವೆ. ಸಾಲುಸಾಲು ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳು. ಕೆಳಗೆ ಮಕ್ಕಳ ಹೆಸರು, ಊರು, ಪಡೆದ ಅಂಕ. ಮೇಲೆ ದಪ್ಪಕ್ಷರಗಳಲ್ಲಿ ‘ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ’. ಒಂದು ಮೂಲೆಯಲ್ಲಿ ‘ವಸತಿ ಸಹಿತ: 3, 4 ಮತ್ತು 5ನೇ ತರಗತಿಗೆ ಪ್ರವೇಶ ಆರಂಭ’. ಎಂಟು ವರ್ಷದ ಮಗುವನ್ನು ಮನೆಯಿಂದ ಹೊರಗಿಟ್ಟು ಓದಿಸುವ ನಿರ್ಧಾರ ಅನೇಕ ಮನೆಗಳಲ್ಲಿ ಈ ಫಲಕದ ಎದುರಿಗೇ ಆಗಿಬಿಡುತ್ತದೆ.

ಈ ನಿರ್ಧಾರ ಕೈಗೊಳ್ಳುವ ಪಾಲಕರನ್ನು ದೂಷಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಬಾದಾಮಿ ಮತ್ತು ಹುನಗುಂದ ಭಾಗದ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆಂದು ಗೋವಾಕ್ಕೆ, ಮಂಗಳೂರು–ಉಡುಪಿಗೆ ಗುಳೆ ಹೋಗುವ ಕುಟುಂಬಗಳಿಗೆ ಮಗುವಿಗೊಂದು ಸ್ಥಿರ ನೆಲೆ ಬೇಕು. ಇಳಕಲ್ಲಿನ ನೇಕಾರನಿಗೆ ತನ್ನ ಮಗ ಮಗ್ಗದ ಕುಣಿಗೆ ಇಳಿಯಬಾರದೆಂಬ ಹಟವಿದೆ. ಪತಿ–ಪತ್ನಿ ಇಬ್ಬರೂ ನೌಕರಿಯಲ್ಲಿದ್ದು, ಒಬ್ಬೊಬ್ಬರಿಗೆ ಒಂದೊಂದು ಊರಿಗೆ ವರ್ಗವಾದ ಸಂಸಾರಗಳೂ ಇವೆ. ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವ ಊರ ಶಾಲೆಯನ್ನು ನೋಡಿ ಹತಾಶರಾದವರೂ ಇದ್ದಾರೆ. ಹೀಗಾಗಿ ಚಿಕ್ಕ ಮಕ್ಕಳ ವಸತಿ ಶಾಲೆ ಬೇಕೇ ಬೇಡವೇ ಎಂಬ ಚರ್ಚೆಗಿಂತ, ಅದನ್ನು ಆರಿಸುವಾಗ ಏನನ್ನು ನೋಡಬೇಕು ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತ.

ಮಕ್ಕಳನ್ನು ಚಿಕ್ಕಂದಿನಲ್ಲೇ ಗುರುವಿನ ಮಡಿಲಿಗೆ ಹಾಕುವುದು ಈ ಸೀಮೆಗೆ ಹೊಸದೂ ಅಲ್ಲ. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗ ಮಂದಿರ ಚಿಕ್ಕ ವಟುಗಳನ್ನು ಸಾಕಿ, ಓದಿಸಿ, ಮಠಗಳಿಗೆ ಸ್ವಾಮಿಗಳನ್ನು ಕೊಟ್ಟಿತು. ಉತ್ತರ ಕರ್ನಾಟಕದ ಮಠಗಳ ಉಚಿತ ಪ್ರಸಾದ ನಿಲಯಗಳಿಂದ ಓದಿ ಬಂದವರು ಇಂದಿಗೂ ಅದನ್ನು ಋಣವೆಂದೇ ಭಾವಿಸುತ್ತಾರೆ. ಆ ಪರಂಪರೆಯಲ್ಲಿ ವಿದ್ಯೆಗೆ ಮೊದಲು ಅನ್ನ ಮತ್ತು ಆಶ್ರಯ ಇದ್ದವು. ಮುಂದೆ 1963ರಲ್ಲಿ ವಿಜಯಪುರದ ಸೈನಿಕ ಶಾಲೆ, 1969ರಲ್ಲಿ ಕಿತ್ತೂರಿನ ಬಾಲಕಿಯರ ವಸತಿ ಶಾಲೆ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದು ನವೋದಯ, ಬಳಿಕ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು. ಇವೆಲ್ಲವೂ ಮಗುವನ್ನು ಸೇರಿಸಿಕೊಳ್ಳುವುದು ಆರನೇ ತರಗತಿಗೆ ಎಂಬುದನ್ನು ಗಮನಿಸಬೇಕು. ಆ ಬಾಗಿಲು ದಾಟಿಸುವ ಪೂರ್ವಸಿದ್ಧತೆಯ ಹೆಸರಿನಲ್ಲಿ ಅದಕ್ಕೂ ಎರಡು–ಮೂರು ವರ್ಷ ಮೊದಲೇ ಮಗುವನ್ನು ಮನೆಯಿಂದ ಹೊರಡಿಸುವ ಖಾಸಗಿ ವ್ಯವಸ್ಥೆ ಮಾತ್ರ ಈಚಿನ ಬೆಳವಣಿಗೆ.

ಲೆಕ್ಕ ಏನು ಹೇಳುತ್ತದೆ?

ಒಂದು ನವೋದಯ ವಿದ್ಯಾಲಯದಲ್ಲಿ ಆರನೇ ತರಗತಿಗೆ ಇರುವುದು ಗರಿಷ್ಠ 80 ಸೀಟುಗಳು. ಇಡೀ ಜಿಲ್ಲೆಯ ಮಕ್ಕಳು ಅದಕ್ಕೇ ಪರೀಕ್ಷೆ ಬರೆಯುತ್ತಾರೆ. ಎಷ್ಟೇ ಒಳ್ಳೆಯ ತರಬೇತಿ ಕೊಟ್ಟರೂ ಸೀಟುಗಳ ಸಂಖ್ಯೆ ಹೆಚ್ಚುವುದಿಲ್ಲ. ಅಂದರೆ ಇಂತಹ ಶಾಲೆಗಳಿಗೆ ಸೇರುವ ಮಕ್ಕಳಲ್ಲಿ ಬಹುಪಾಲು ಮಂದಿ ಆಯ್ಕೆಯಾಗದೆ ಉಳಿಯಲೇಬೇಕು. ಇದು ಮಕ್ಕಳ ದೋಷವಲ್ಲ, ಅಂಕಗಣಿತ. ಮೇಲಾಗಿ ನವೋದಯ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯಲು ಅವಕಾಶವಿಲ್ಲ.

ಫಲಕದ ಮೇಲಿನ ಚಿತ್ರಗಳು ಗೆದ್ದವರವು. ಅವರೊಡನೆ ಅದೇ ಕೋಣೆಯಲ್ಲಿ ಮಲಗಿ, ಅದೇ ಪುಸ್ತಕ ಓದಿದ ಉಳಿದ ಮಕ್ಕಳು ಎಲ್ಲಿದ್ದಾರೆ? ಆದ್ದರಿಂದ ಪಾಲಕರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಮಕ್ಕಳು ಆಯ್ಕೆಯಾದರು’ ಎಂಬುದಲ್ಲ. ಕಳೆದ ವರ್ಷ ಐದನೇ ತರಗತಿಯಲ್ಲಿ ಒಟ್ಟು ಎಷ್ಟು ಮಕ್ಕಳಿದ್ದರು, ಆಯ್ಕೆಯಾಗದವರು ಈಗ ಎಲ್ಲಿ ಓದುತ್ತಿದ್ದಾರೆ, ಅವರ ಪಾಲಕರೊಡನೆ ಮಾತನಾಡಬಹುದೇ ಎಂದು ಕೇಳಬೇಕು. ಆಯ್ಕೆಯಾಗದ ಮಗುವಿಗೂ ಆ ಎರಡು ವರ್ಷಗಳಲ್ಲಿ ಓದಿನ ರುಚಿ, ಲೆಕ್ಕದ ಧೈರ್ಯ, ಗೆಳೆತನ ದೊರಕಿದ್ದರೆ ಆ ಶಾಲೆ ಒಳ್ಳೆಯದು. ಆ ಮಗು ತಾನು ಸೋತೆನೆಂಬ ಭಾವನೆಯನ್ನಷ್ಟೇ ಹೊತ್ತು ಮನೆಗೆ ಮರಳಿದ್ದರೆ, ಫಲಕದ ಮೇಲೆ ನೂರು ಚಿತ್ರಗಳಿದ್ದರೂ ಅದು ಒಳ್ಳೆಯ ಶಾಲೆಯಲ್ಲ.

ನಿಯಮಗಳ ಅಜ್ಞಾನದಿಂದಲೂ ಮಕ್ಕಳು ಪೆಟ್ಟು ತಿನ್ನುತ್ತಾರೆ. ನವೋದಯ ಪರೀಕ್ಷೆ ಬರೆಯುವ ಮಗು ಐದನೇ ತರಗತಿಯನ್ನು ಅದೇ ಜಿಲ್ಲೆಯ ಮಾನ್ಯತೆ ಪಡೆದ ಶಾಲೆಯಲ್ಲಿ ಓದುತ್ತಿರಬೇಕು. ಹೆಸರುವಾಸಿ ತರಬೇತಿ ಎಂದು ಮಗುವನ್ನು ಧಾರವಾಡಕ್ಕೋ ವಿಜಯಪುರಕ್ಕೋ ಸೇರಿಸಿ ಅಲ್ಲಿಯೇ ದಾಖಲು ಮಾಡಿಸಿದರೆ ಬಾಗಲಕೋಟೆ ಜಿಲ್ಲೆಯ ಸೀಟಿಗೆ ಅರ್ಹತೆ ಹೋಗುತ್ತದೆ. ಕನಿಷ್ಠ ಶೇ 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ. ಆದರೆ ಆ ಮೀಸಲಾತಿ ಪಡೆಯಲು 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದರೂ ಮಗು ನಗರದ ಅಭ್ಯರ್ಥಿಯಾಗುತ್ತದೆ. ಹಳ್ಳಿಯ ಮಗುವನ್ನು ನವೋದಯಕ್ಕಾಗಿಯೇ ಪಟ್ಟಣದ ಶಾಲೆಗೆ ಸೇರಿಸುವ ತಂದೆ, ಇದ್ದ ಅನುಕೂಲವನ್ನು ದುಡ್ಡು ಕೊಟ್ಟು ಕಳೆದುಕೊಳ್ಳುತ್ತಾನೆ. ಮಗು ಇರುವುದು ಒಂದು ಕಡೆ, ಹಾಜರಿ ಪುಸ್ತಕದಲ್ಲಿ ಹೆಸರಿರುವುದು ಇನ್ನೊಂದು ಶಾಲೆಯಲ್ಲಿ ಎಂಬ ‘ಹೊಂದಾಣಿಕೆ’ಯನ್ನು ಯಾರಾದರೂ ಸೂಚಿಸಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಸುಳ್ಳಿನ ಮೇಲೆ ಶುರುವಾದ ಶಾಲೆ ಮಗುವಿಗೆ ಮೊದಲು ಕಲಿಸುವುದು ಅದನ್ನೇ.

ಕಾನೂನು ಕೊಟ್ಟ ಆಸರೆ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಾನ್ಯತೆಯಿಲ್ಲದೆ ಶಾಲೆ ನಡೆಸುವಂತಿಲ್ಲ, ಖಾಸಗಿ ಶಾಲೆಗಳು ಪ್ರವೇಶಕ್ಕೆ ಮಗುವನ್ನು ಪರೀಕ್ಷಿಸಿ ಸೋಸುವಂತಿಲ್ಲ, ವಂತಿಗೆ ಪಡೆಯುವಂತಿಲ್ಲ, ಮಗುವಿಗೆ ದೈಹಿಕ ಶಿಕ್ಷೆಯಾಗಲಿ ಮಾನಸಿಕ ಕಿರುಕುಳವಾಗಲಿ ಕೊಡುವಂತಿಲ್ಲ. ಮೂರನೇ ತರಗತಿಗೆ ಸೇರಿಸಿಕೊಳ್ಳಲು ‘ಆಯ್ಕೆ ಪರೀಕ್ಷೆ’ ನಡೆಸುವ ಖಾಸಗಿ ಶಾಲೆ ಮೊದಲ ದಿನವೇ ಕಾನೂನು ಮುರಿಯುತ್ತದೆ. ಅಲ್ಲದೆ, ಹಾಗೆ ಜಾಣ ಮಕ್ಕಳನ್ನು ಮೊದಲೇ ಆರಿಸಿಕೊಂಡು ಮುಂದೆ ಅವರ ಯಶಸ್ಸನ್ನು ತನ್ನದೆಂದು ಫಲಕದಲ್ಲಿ ಹಾಕಿಕೊಳ್ಳುತ್ತದೆ. ಇನ್ನು ಶಾಲೆಯ ಮಾನ್ಯತೆಯೇ ಇಲ್ಲದ ಬರೀ ತರಬೇತಿ ಕೇಂದ್ರಗಳ ವಿಷಯ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು, ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಹೇಳಿದೆ. ಎಂಟರ ಮಗುವಿನ ಮಾತು ಬೇರೆ ಹೇಳಬೇಕಿಲ್ಲ.

ಇದೇ ಕಾಯ್ದೆಯ ಪರಿಶಿಷ್ಟ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನು ನಿಗದಿ ಮಾಡಿದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆಗಳ ನಿದ್ದೆ ಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ‘ಸ್ಟಡಿ’ ಇರಿಸುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಶಾಲೆಯಲ್ಲಿ ಮಗು ಪ್ರತಿದಿನ ಕನಿಷ್ಠ ಎರಡು ಗಂಟೆಯ ನಿದ್ದೆ ಕಳೆದುಕೊಳ್ಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 5ನೇ ತರಗತಿಯವರೆಗಿನ ಹಂತಕ್ಕೆ ‘ಪೂರ್ವಸಿದ್ಧತಾ ಹಂತ’ ಎಂದೇ ಹೆಸರಿಟ್ಟಿದೆ. ಅಲ್ಲಿ ಹೇಳಿರುವ ಸಿದ್ಧತೆ ಆಟ, ಚಟುವಟಿಕೆ ಮತ್ತು ಕುತೂಹಲದ ಮೂಲಕ ಆಗಬೇಕಾದುದು. ಹಳೆಯ ಪ್ರಶ್ನೆಪತ್ರಿಕೆಗಳ ಮೂಲಕ ಅಲ್ಲ.

ರಾತ್ರಿಯ ಶಾಲೆ

ಆದರೂ ತರಗತಿಯನ್ನು ಹೇಗಾದರೂ ಅಳೆಯಬಹುದು. ಅಳೆಯಲು ಕಷ್ಟವಾದದ್ದು, ಬಹುತೇಕ ಪಾಲಕರು ನೋಡದೆ ಬಿಡುವುದು, ಸಂಜೆ ಗಂಟೆ ಬಾರಿಸಿದ ನಂತರದ ಶಾಲೆ. ಚಿಕ್ಕ ಮಗುವಿಗೆ ವಸತಿ ಶಾಲೆ ಎಂದರೆ ಮೊದಲು ಮನೆ, ಶಾಲೆ ಆಮೇಲೆ.

ಏಳು ವರ್ಷದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳು ಇನ್ನೂ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಇದು ರೋಗವೂ ಅಲ್ಲ, ಸೋಮಾರಿತನವೂ ಅಲ್ಲ. ಬೆಳವಣಿಗೆಯ ಒಂದು ಘಟ್ಟ. ಮನೆ ಬಿಟ್ಟ ಮಗುವಿನಲ್ಲಿ ಅದು ಮರುಕಳಿಸುವುದೂ ಉಂಟು. ಹಾಸಿಗೆ ಒದ್ದೆಯಾದ ಬೆಳಿಗ್ಗೆ ಏನಾಗುತ್ತದೆ ಎಂದು ವಾರ್ಡನ್ನರನ್ನು ಕೇಳಬೇಕು. ಯಾರಿಗೂ ತಿಳಿಯದಂತೆ ಹಾಸಿಗೆ ಬದಲಿಸುವ ಆಯಾ ಇದ್ದಾರೆಯೇ, ಅಥವಾ ಮಗುವೇ ಎಲ್ಲರೆದುರು ಹಾಸಿಗೆ ಹೊತ್ತು ಬಿಸಿಲಿಗೆ ಹಾಕಬೇಕೇ? ‘ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ’ ಎಂಬ ಉತ್ತರ ಬಂದರೆ, ಅಲ್ಲಿ ಮಕ್ಕಳು ಹೆದರಿ ಮುಚ್ಚಿಡುತ್ತಿದ್ದಾರೆಂದು ತಿಳಿಯಬೇಕು.

ಇಂಗ್ಲೆಂಡಿನ ಲೇಖಕ ಜಾರ್ಜ್ ಆರ್ವೆಲ್ 1911ರಲ್ಲಿ, ಎಂಟನೆಯ ವಯಸ್ಸಿನಲ್ಲಿ, ಇಂತಹುದೇ ಒಂದು ಪೂರ್ವಸಿದ್ಧತಾ ವಸತಿ ಶಾಲೆಗೆ ಸೇರಿದರು. ಮುಂದೆ ಪ್ರತಿಷ್ಠಿತ ಶಾಲೆಯ ವಿದ್ಯಾರ್ಥಿವೇತನ ಗೆದ್ದು ತನಗೆ ಕೀರ್ತಿ ತರುವ ಹುಡುಗನೆಂದು ಎಣಿಸಿ ಆ ಶಾಲೆ ಅವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿತ್ತು. ಆರ್ವೆಲ್ ನಿರೀಕ್ಷೆ ಹುಸಿ ಮಾಡಲಿಲ್ಲ. ಈಟನ್ ಶಾಲೆಯ ವಿದ್ಯಾರ್ಥಿವೇತನ ಗಳಿಸಿದರು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಆ ದಿನಗಳ ಬಗ್ಗೆ ಬರೆದಾಗ ಅವರು ಶುರು ಮಾಡಿದ್ದು ಹಾಸಿಗೆ ಒದ್ದೆ ಮಾಡಿಕೊಂಡು ಹೊಡೆತ ತಿಂದ ನೆನಪಿನಿಂದ. ಆ ಪ್ರಬಂಧ ಅವರು ತೀರಿಕೊಂಡ ಮೇಲೆ, 1952ರಲ್ಲಿ ಬೆಳಕು ಕಂಡಿತು. ಅವರು ಫಲಕದಲ್ಲಿ ಚಿತ್ರ ಹಾಕಿಸಿಕೊಳ್ಳಬಹುದಾದ ಹುಡುಗ ಎಂಬುದನ್ನು ಮರೆಯಬಾರದು.

ಇನ್ನೂ ಕೆಲವು ಸಂಗತಿಗಳನ್ನು ಕಣ್ಣಾರೆ ನೋಡಬೇಕು. ರಾತ್ರಿ ಮಕ್ಕಳ ಕೋಣೆಯ ಬಳಿ ಮಲಗುವವರು ಯಾರು, ಅವರೊಬ್ಬರ ಪಾಲಿಗೆ ಎಷ್ಟು ಮಕ್ಕಳು? ದೊಡ್ಡ ಹುಡುಗರನ್ನೂ ಚಿಕ್ಕವರನ್ನೂ ಒಂದೇ ಕೋಣೆಯಲ್ಲಿ ಮಲಗಿಸುತ್ತಾರೆಯೇ? ಹೊರಗಿನಿಂದ ಬೀಗ ಹಾಕುತ್ತಾರೆಯೇ. ಬೆಂಕಿ ಬಿದ್ದರೆ ಇನ್ನೊಂದು ದಾರಿ ಇದೆಯೇ? ನಡುರಾತ್ರಿ ಜ್ವರ ಬಂದರೆ ಯಾವ ಆಸ್ಪತ್ರೆ, ಮನೆಗೆ ತಿಳಿಸುವುದು ಯಾವಾಗ? ಮಗು ಫೋನಿನಲ್ಲಿ ಮಾತನಾಡುವಾಗ ಪಕ್ಕದಲ್ಲಿ ಶಿಕ್ಷಕರು ನಿಂತಿರುತ್ತಾರೆಯೇ? ಹಾಗಿದ್ದರೆ ಆ ಫೋನು ಇದ್ದೂ ಇಲ್ಲದಂತೆ. ಸಿಬ್ಬಂದಿಯ ಪೂರ್ವಾಪರ ವಿಚಾರಿಸಲಾಗಿದೆಯೇ? ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ, ಕೃತ್ಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ‘ಶಾಲೆಯ ಮರ್ಯಾದೆ’ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿದ್ದಾರೆಯೇ ಎಂಬುದೂ ಆಡಳಿತದ ಮನಸ್ಸನ್ನು ತೋರಿಸುತ್ತದೆ.

ನಮ್ಮ ಭಾಗಕ್ಕೇ ಸಂಬಂಧಿಸಿದ ಇನ್ನೊಂದು ಪ್ರಶ್ನೆ ನೀರಿನದು. ಹುನಗುಂದ–ಇಳಕಲ್ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ದಾಟಕೂಡದು. ಒಸಡಿನೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುವ ವಯಸ್ಸಿನಲ್ಲಿ ಮಿತಿಮೀರಿದ ಫ್ಲೋರೈಡ್ ಬಿಡುವ ಕಲೆ ಜೀವನಪರ್ಯಂತ ಉಳಿಯುತ್ತದೆ. ಶಾಲೆಯ ಬೋರ್‌ವೆಲ್ ನೀರಿನ ಪರೀಕ್ಷಾ ವರದಿ ಕೇಳುವುದು ಅಧಿಕಪ್ರಸಂಗವಲ್ಲ.

ಹತ್ತಿರವಿರಲಿ

ಶಾಲೆ ಎಷ್ಟೇ ಹೆಸರುವಾಸಿಯಾಗಿರಲಿ, ಈ ವಯಸ್ಸಿನ ಮಗುವನ್ನು ಒಂದೆರಡು ಗಂಟೆಯ ಬಸ್ ದಾರಿಯಾಚೆ ಕಳಿಸದಿರುವುದು ಜಾಣತನ. ಪ್ರವೇಶಕ್ಕೆ ಮುಂಚೆ ಯಾರಿಗೂ ಹೇಳದೆ, ಒಂದು ಸಾಮಾನ್ಯ ದಿನ, ಸಂಜೆ ಊಟದ ಹೊತ್ತಿಗೆ ಹೋಗಿ ನೋಡಬೇಕು. ಮಕ್ಕಳು ಊಟದ ಸಾಲಿನಲ್ಲಿ ಪರಸ್ಪರ ಮಾತನಾಡುತ್ತಿದ್ದಾರೆಯೇ, ಆಯಾಳನ್ನು ಕಂಡಾಗ ಹತ್ತಿರ ಬರುತ್ತಾರೆಯೇ ದೂರ ಸರಿಯುತ್ತಾರೆಯೇ ಎಂಬುದು ಯಾವ ಕರಪತ್ರದಲ್ಲೂ ಇರುವುದಿಲ್ಲ. ಸೇರಿಸಿದ ನಂತರವೂ ನಾಗರ ಪಂಚಮಿಯ ಜೋಕಾಲಿಗೆ, ಎಳ್ಳಮಾವಾಸ್ಯೆಯ ಚರಗಕ್ಕೆ, ಬನಶಂಕರಿ ಜಾತ್ರೆಗೆ ಮಗು ಮನೆಯಲ್ಲಿರಬೇಕು. ಹಬ್ಬಕ್ಕೆ ಕಳಿಸಿದರೆ ಅಭ್ಯಾಸ ಕೆಡುತ್ತದೆ ಎನ್ನುವ ಶಾಲೆಗೆ ಮಕ್ಕಳೂ ಗೊತ್ತಿಲ್ಲ, ಅಭ್ಯಾಸವೂ ಗೊತ್ತಿಲ್ಲ.

ಇದೆಲ್ಲವನ್ನೂ ಪಾಲಕರ ಹೆಗಲಿಗಷ್ಟೇ ಹೊರಿಸುವುದು ಸರಿಯಲ್ಲ. ಗೋವಾದಲ್ಲಿ ಗಾರೆ ಕೆಲಸ ಮಾಡುವ ತಾಯಿ ನೀರಿನ ವರದಿ ಕೇಳಲು ಬರಲಾರಳು. ಪ್ರಾಥಮಿಕ ತರಗತಿಯ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯ ಮಾನ್ಯತೆ, ಮಕ್ಕಳ ಸಂಖ್ಯೆ, ರಾತ್ರಿ ಸಿಬ್ಬಂದಿಯ ವಿವರಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳು ಮೇ ತಿಂಗಳಿಗೆ ಮುಂಚೆ ಪ್ರಕಟಿಸಬೇಕು. ತಪಾಸಣೆ ಹಗಲಿನಲ್ಲಿ ದಾಖಲೆ ನೋಡಿ ಮುಗಿಯದೆ, ವರ್ಷಕ್ಕೊಮ್ಮೆಯಾದರೂ ರಾತ್ರಿ ನಡೆಯಬೇಕು. ಊರ ಶಾಲೆಗಳ ಖಾಲಿ ಹುದ್ದೆಗಳು ಭರ್ತಿಯಾದರೆ ಎಂಟು ವರ್ಷಕ್ಕೇ ಮನೆ ಬಿಡಬೇಕಾದ ಮಕ್ಕಳ ಸಂಖ್ಯೆಯೂ ತಾನಾಗಿ ಇಳಿಯುತ್ತದೆ.

ಕೊನೆಯದಾಗಿ ಪಾಲಕರಿಗೆ ಒಂದು ಮಾತು. ಮೊದಲ ಕೆಲವು ವಾರ ಮಗು ಅಳುವುದು ಸಹಜ. ಆದರೆ ಮೂರು ತಿಂಗಳಾದರೂ ಊಟ ಸೇರದೆ, ತೂಕ ಇಳಿದು, ಮಾತು ಕಡಿಮೆಯಾಗಿದ್ದರೆ ‘ರೂಢಿಯಾಗುತ್ತದೆ’ ಎಂದು ಕಾಯಬಾರದು. ಕಟ್ಟಿದ ಶುಲ್ಕ ಹೋದರೆ ಹೋಗಲಿ, ಮಗುವನ್ನು ಕರೆದುಕೊಂಡು ಬರಬೇಕು. ನವೋದಯ ತಪ್ಪಿದ ಮಗುವಿಗೆ ಆರನೇ ತರಗತಿಗೆ ಬೇರೆ ಶಾಲೆಗಳಿವೆ.