ಕಂಕುಳಿನ ಗಂಟು
ಸ್ತನದ ಅರ್ಬುದರೋಗವು ಸ್ತನದಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ. ಗರ್ಭಸ್ಥ ಶಿಶುವಿನಲ್ಲಿ ಸುಮಾರು 6ನೆಯ ವಾರದಲ್ಲಿ ಕಂಕುಳಿನಿಂದ ತೊಡೆಸಂದಿಯವರೆಗೆ ಎರಡು ಕ್ಷೀರರೇಖೆಗಳು ಮೂಡುವುವು. ಎದೆಯ ಭಾಗವೊಂದುಳಿದು ಮಿಕ್ಕುದೆಲ್ಲ ಕ್ರಮೇಣ ಕರಗುವುದು. ಕೆಲವರಲ್ಲಿ ಅದರ ಶೇಷವು, ಹೆಚ್ಚಾಗಿ ಕಂಕುಳಲ್ಲಿ, ನಿಲ್ಲುವುದುಂಟು. ಬಸುರಿನಲ್ಲಿಯೂ ಬಾಣಂತಿತನದಲ್ಲಿಯೂ ಅದು ಊದಿಕೊಳ್ಳುವುದು ಸಹಜವೇ. ಆದರೆ ಅಪರೂಪವಾಗಿ ಅರ್ಬುದವೂ ಅಲ್ಲಿ ತಲೆದೋರುವುದು.

ಅದನ್ನು ಬಗಲ ಕುರುವೆಂದೋ ಕೊಬ್ಬಿನ ಗಂಟೆಂದೋ ಬಗೆದು, ನಾಚಿಕೆಯಿಂದ ಸೆರಗಿನಲ್ಲಿ ಮರೆಮಾಡಿ ಕಾಲಹರಣಮಾಡುವುದೇ ಅಪಾಯಕ್ಕೆ ಮೂಲ. ಎದೆಯಲ್ಲಿ ದೋಷ ಕಾಣಲಿಲ್ಲವೆಂದು ಸಮಾಧಾನಗೊಳ್ಳಲಾಗದು. ಗಂಟಿನ ತುಣುಕನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಹೊರತು ನಿರ್ಣಯವಾಗದು. ಚಿಕಿತ್ಸೆಯು ಸ್ತನದ ಅರ್ಬುದಕ್ಕೆ ಮಾಡುವಂತಹುದೇ.

ನಿಂಬರ್ಗಾದ ಸೋದರಿಯರಿಗೆ ಇದಕ್ಕಾಗಿ ಬೆಂಗಳೂರೇ ಗತಿಯಲ್ಲ. ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಶಾಖೆಯುಂಟು. ಮುಟ್ಟು ಕಳೆದ ಬಳಿಕವೂ ಇಳಿಯದ ಗಂಟನ್ನು ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.