ಬೂಟ್ ಕ್ಯಾಂಪ್: ಗ್ರಾಫಿಕ್ಸ್ ಚಾಲಕಗಳು ಮತ್ತು ಆಟಗಳ ಕಾರ್ಯಕ್ಷಮತೆ

ಬೂಟ್ ಕ್ಯಾಂಪ್ ಎಂಬುದು ಇಂಟೆಲ್ ಸಂಸ್ಕಾರಕವುಳ್ಳ ಮ್ಯಾಕ್ ಗಣಕಗಳಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಅನ್ನು ಎರಡನೆಯ ಕಾರ್ಯಾಚರಣಾ ವ್ಯವಸ್ಥೆಯಾಗಿ ಸ್ಥಾಪಿಸಲು ಆಪಲ್ ಸಂಸ್ಥೆಯು ಒದಗಿಸಿದ ತಂತ್ರಾಂಶವಾಗಿದೆ. 2006ರಲ್ಲಿ ಇದರ ಪ್ರಾಯೋಗಿಕ ಆವೃತ್ತಿ ಬಿಡುಗಡೆಯಾಯಿತು. ಮ್ಯಾಕ್‌ಬುಕ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಆಟಗಳನ್ನು ಆಡಬಯಸಿದವರಿಗೆ ಹಲವು ವರ್ಷಗಳ ಕಾಲ ಇದು ಮುಖ್ಯ ಮಾರ್ಗವಾಗಿತ್ತು. ಹಾಗೆ ಆಡಿದ ಆಟವು ಎಷ್ಟು ಸರಾಗವಾಗಿ ಸಾಗುತ್ತಿತ್ತು ಎಂಬುದು ಯಂತ್ರದೊಳಗಿನ ಗ್ರಾಫಿಕ್ಸ್ ಚಿಪ್‌ನ ಶಕ್ತಿಯನ್ನು ಮಾತ್ರ ಅವಲಂಬಿಸಿರಲಿಲ್ಲ. ಆ ಚಿಪ್‌ಗೆ ವಿಂಡೋಸ್‌ನಲ್ಲಿ ಯಾವ ಚಾಲಕ ತಂತ್ರಾಂಶ ದೊರೆಯುತ್ತಿತ್ತು, ಅದನ್ನು ಯಾರು, ಎಷ್ಟು ಕಾಲ ಪರಿಷ್ಕರಿಸುತ್ತಿದ್ದರು ಎಂಬುದೂ ಅಷ್ಟೇ ನಿರ್ಣಾಯಕವಾಗಿತ್ತು.

ಹಿನ್ನೆಲೆ

ಆಪಲ್ ತನ್ನ ಗಣಕಗಳಲ್ಲಿ ಪವರ್‌ಪಿಸಿ ಸಂಸ್ಕಾರಕಗಳ ಬದಲಿಗೆ ಇಂಟೆಲ್ ಸಂಸ್ಕಾರಕಗಳನ್ನು ಬಳಸುವುದಾಗಿ 2005ರ ಜೂನ್‌ನಲ್ಲಿ ಪ್ರಕಟಿಸಿತು. 2006ರ ಜನವರಿಯಲ್ಲಿ ಅಂತಹ ಮೊದಲ ಐಮ್ಯಾಕ್ ಮತ್ತು ಮ್ಯಾಕ್‌ಬುಕ್ ಪ್ರೊ ಯಂತ್ರಗಳು ಪರಿಚಯಗೊಂಡವು. ಅವುಗಳ ಒಳಗಿನ ಬಿಡಿಭಾಗಗಳು ಸಾಮಾನ್ಯ ವಿಂಡೋಸ್ ಗಣಕಗಳ ಬಿಡಿಭಾಗಗಳನ್ನೇ ಬಹುಮಟ್ಟಿಗೆ ಹೋಲುತ್ತಿದ್ದುದರಿಂದ, ಅವುಗಳ ಮೇಲೆ ವಿಂಡೋಸ್ ಓಡಬಹುದೇ ಎಂಬ ಕುತೂಹಲ ಸಹಜವಾಗಿಯೇ ಹುಟ್ಟಿತು. ಆದರೆ ಒಂದು ತೊಡಕಿತ್ತು. ಯಂತ್ರವನ್ನು ಚಾಲೂ ಮಾಡಿದೊಡನೆ ಮೊದಲಿಗೆ ಎಚ್ಚರಗೊಂಡು ಕಾರ್ಯಾಚರಣಾ ವ್ಯವಸ್ಥೆಯನ್ನು ಕರೆತರುವ ಮೂಲ ತಂತ್ರಾಂಶವು ಮ್ಯಾಕ್‌ನಲ್ಲಿ ಇಎಫ್‌ಐ ಎಂಬ ಹೊಸ ಬಗೆಯದಾಗಿತ್ತು. ಅಂದಿನ ವಿಂಡೋಸ್ ಎಕ್ಸ್‌ಪಿ ಹಳೆಯ ಬಯೋಸ್ ಪದ್ಧತಿಯನ್ನು ಮಾತ್ರ ಬಲ್ಲದಾಗಿತ್ತು.

ಈ ತೊಡಕನ್ನು ಮೊದಲು ನಿವಾರಿಸಿದವರು ಹವ್ಯಾಸಿಗಳು. ಆಸಕ್ತರೆಲ್ಲ ಚಂದಾ ಎತ್ತಿ ಕೂಡಿಸಿದ ಹದಿಮೂರು ಸಾವಿರ ಡಾಲರ್‌ಗೂ ಮಿಕ್ಕಿದ ಬಹುಮಾನವನ್ನು 2006ರ ಮಾರ್ಚ್‌ನಲ್ಲಿ ಇಬ್ಬರು ಗೆದ್ದುಕೊಂಡರು. ಅವರ ಉಪಾಯದಿಂದ ವಿಂಡೋಸ್ ಎಕ್ಸ್‌ಪಿ ಮ್ಯಾಕ್‌ನಲ್ಲಿ ತೆರೆದುಕೊಂಡಿತಾದರೂ ಗ್ರಾಫಿಕ್ಸ್ ಚಿಪ್‌ಗೆ ತಕ್ಕ ಚಾಲಕವು ಆರಂಭದಲ್ಲಿ ಇರಲಿಲ್ಲ. ಪರದೆಯ ಮೇಲೆ ಚಿತ್ರ ಮೂಡುತ್ತಿತ್ತು. ಆದರೆ ಮೂರು ಆಯಾಮದ ಆಟಗಳಿಗೆ ಬೇಕಾದ ವೇಗವಿರಲಿಲ್ಲ. ಮುಂದಿನ ಹದಿನೈದು ವರ್ಷಗಳ ಸಮಸ್ಯೆಯ ಸಾರವು ಈ ಮೊದಲ ಪ್ರಯತ್ನದಲ್ಲಿಯೇ ಕಾಣಿಸಿಕೊಂಡಿತ್ತೆನ್ನಬಹುದು.

ಕೆಲವೇ ವಾರಗಳಲ್ಲಿ, 2006ರ ಏಪ್ರಿಲ್ 5ರಂದು, ಆಪಲ್ ತಾನೇ ಬೂಟ್ ಕ್ಯಾಂಪ್‌ನ ಪ್ರಾಯೋಗಿಕ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದು ಡಿಸ್ಕನ್ನು ಎರಡು ಭಾಗ ಮಾಡಿಕೊಡುತ್ತಿತ್ತು ಮತ್ತು ವಿಂಡೋಸ್‌ಗೆ ಬೇಕಾದ ಚಾಲಕಗಳನ್ನು ಒಂದು ಸಿ.ಡಿ.ಯಲ್ಲಿ ಬರೆದುಕೊಡುತ್ತಿತ್ತು. ಬಯೋಸ್ ಪದ್ಧತಿಯನ್ನು ಅನುಕರಿಸುವ ಸಾಮರ್ಥ್ಯವನ್ನು ಮೂಲ ತಂತ್ರಾಂಶದ ಪರಿಷ್ಕರಣೆಯ ಮೂಲಕ ಒದಗಿಸಲಾಯಿತು. 2007ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್ ಓಎಸ್ ಎಕ್ಸ್ 10.5 ಲೆಪರ್ಡ್‌ನಲ್ಲಿ ಬೂಟ್ ಕ್ಯಾಂಪ್ ವ್ಯವಸ್ಥೆಯ ಅಂಗವೇ ಆಯಿತು.

ಇದನ್ನು ವಿಂಡೋಸ್ ಅನ್ನು ಮ್ಯಾಕ್‌ನ ಒಳಗೆ ಒಂದು ಕಿಟಕಿಯಲ್ಲಿ ಓಡಿಸುವ ಕಲ್ಪಿತ ಯಂತ್ರಗಳೊಂದಿಗೆ ಗೊಂದಲಿಸಿಕೊಳ್ಳಬಾರದು. ಬೂಟ್ ಕ್ಯಾಂಪ್‌ನಲ್ಲಿ ಒಂದು ಸಮಯಕ್ಕೆ ಒಂದೇ ವ್ಯವಸ್ಥೆ ಎಚ್ಚರವಾಗಿರುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರು ಸರದಿಯ ಮೇಲೆ ವಾಸಿಸಿದಂತೆ. ಸರದಿ ಬಂದವರಿಗೆ ಸಂಸ್ಕಾರಕ, ಸ್ಮರಣಕೋಶ, ಗ್ರಾಫಿಕ್ಸ್ ಚಿಪ್ ಎಲ್ಲವೂ ನೇರವಾಗಿ ದೊರೆಯುತ್ತವೆ. ಆಟಗಾರರು ಕಲ್ಪಿತ ಯಂತ್ರಗಳಿಗಿಂತ ಇದನ್ನೇ ಬಯಸುತ್ತಿದ್ದುದಕ್ಕೆ ಕಾರಣವೂ ಇದೇ.

ಚಾಲಕ ತಂತ್ರಾಂಶದ ಪಾತ್ರ

ಡ್ರೈವರ್ ಎಂದು ರೂಢಿಯಲ್ಲಿ ಕರೆಯಲಾಗುವ ಚಾಲಕ ತಂತ್ರಾಂಶವು ಕಾರ್ಯಾಚರಣಾ ವ್ಯವಸ್ಥೆ ಮತ್ತು ಯಂತ್ರಾಂಶಗಳ ನಡುವಿನ ದುಭಾಷಿಯಾಗಿದೆ. ಆಟವು ಚಿಪ್‌ನೊಂದಿಗೆ ನೇರವಾಗಿ ಮಾತನಾಡುವುದಿಲ್ಲ. ಅದು ಡೈರೆಕ್ಟ್‌ಎಕ್ಸ್ ಅಥವಾ ಓಪನ್‌ಜಿಎಲ್‌ನಂತಹ ಸರ್ವಸಮ್ಮತ ಭಾಷೆಯೊಂದರಲ್ಲಿ ಆದೇಶ ನೀಡುತ್ತದೆ. ಆ ಆದೇಶವನ್ನು ನಿರ್ದಿಷ್ಟ ಚಿಪ್‌ಗೆ ಅರ್ಥವಾಗುವ ಸೂಚನೆಗಳಾಗಿ ಚಾಲಕವು ಮಾರ್ಪಡಿಸುತ್ತದೆ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಪ್ರತಿ ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ದುಭಾಷಿ ತಡವರಿಸಿದರೆ ಚಿಪ್ ಎಷ್ಟೇ ಸಮರ್ಥವಾಗಿದ್ದರೂ ಕೆಲಸವಿಲ್ಲದೆ ಕಾಯುತ್ತದೆ, ಆಟ ಮುಗ್ಗರಿಸುತ್ತದೆ.

ಚಿಪ್ ತಯಾರಕರಾದ ಎನ್ವಿಡಿಯಾ ಮತ್ತು ಎಎಂಡಿ ಸಂಸ್ಥೆಗಳು ಪ್ರಮುಖ ಆಟಗಳು ಬಿಡುಗಡೆಯಾಗುವ ಹೊತ್ತಿಗೆ ವಿಂಡೋಸ್‌ಗಾಗಿ ಹೊಸ ಚಾಲಕಗಳನ್ನು ಹೊರತರುವುದು ವಾಡಿಕೆ. ಆಯಾ ಆಟದಲ್ಲಿ ಕಂಡುಬಂದ ದೋಷಗಳ ನಿವಾರಣೆ ಮತ್ತು ವೇಗದ ಸುಧಾರಣೆ ಅವುಗಳಲ್ಲಿ ಅಡಕವಾಗಿರುತ್ತವೆ. ಕೆಲವು ಆಟಗಳು ಹಳೆಯ ಚಾಲಕವನ್ನು ಕಂಡರೆ ತೆರೆದುಕೊಳ್ಳಲೇ ನಿರಾಕರಿಸುತ್ತವೆ.

ಒಂದೇ ಯಂತ್ರ, ಎರಡು ವೇಗ

ಮ್ಯಾಕ್ ಓಎಸ್‌ನಲ್ಲಿ ಗ್ರಾಫಿಕ್ಸ್ ಚಾಲಕಗಳು ಕಾರ್ಯಾಚರಣಾ ವ್ಯವಸ್ಥೆಯ ಜೊತೆಗೇ ಬರುತ್ತವೆ ಮತ್ತು ಅದರ ಜೊತೆಗೇ ಪರಿಷ್ಕೃತಗೊಳ್ಳುತ್ತವೆ. ಆಟಗಳ ವೇಗಕ್ಕಿಂತ ಸ್ಥಿರತೆಗೆ ಅಲ್ಲಿ ಹೆಚ್ಚಿನ ಆದ್ಯತೆ ಇದ್ದಂತೆ ತೋರುತ್ತದೆ. 2010ರ ಮೇ ತಿಂಗಳಲ್ಲಿ ವಾಲ್ವ್ ಸಂಸ್ಥೆಯ ಸ್ಟೀಮ್ ಮಳಿಗೆ ಮ್ಯಾಕ್‌ಗೆ ಬಂದಾಗ ಈ ಅಂತರ ಬಹಿರಂಗವಾಯಿತು. ಅದೇ ಲ್ಯಾಪ್‌ಟಾಪ್‌ನಲ್ಲಿ, ಅದೇ ಚಿಪ್‌ನ ಮೇಲೆ, ಅದೇ ಆಟವು ಬೂಟ್ ಕ್ಯಾಂಪ್‌ನ ವಿಂಡೋಸ್‌ನಲ್ಲಿ ಹೆಚ್ಚು ವೇಗವಾಗಿ ಓಡುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಆಪಲ್ ಹೊರತಂದ ಗ್ರಾಫಿಕ್ಸ್ ಪರಿಷ್ಕರಣೆಯು ಪೋರ್ಟಲ್ ಮತ್ತು ಟೀಮ್ ಫೋರ್ಟ್ರೆಸ್ 2 ಆಟಗಳ ವೇಗದ ತೊಂದರೆಯನ್ನು ಹೆಸರಿಸಿಯೇ ಸರಿಪಡಿಸಿತು. ಚಿಪ್ ಬದಲಾಗಿರಲಿಲ್ಲ, ಬದಲಾದದ್ದು ಚಾಲಕವಷ್ಟೇ.

ಅಂತರಕ್ಕೆ ಇನ್ನೊಂದು ಕಾರಣವೂ ಇತ್ತು. ಡೈರೆಕ್ಟ್‌ಎಕ್ಸ್ ಮೈಕ್ರೋಸಾಫ್ಟ್‌ನ ಸ್ವತ್ತಾಗಿದ್ದು ಮ್ಯಾಕ್‌ನಲ್ಲಿ ಲಭ್ಯವಿರಲಿಲ್ಲ. ಆದ್ದರಿಂದ ವಿಂಡೋಸ್‌ಗೆಂದು ಬರೆದ ಆಟಗಳನ್ನು ಮ್ಯಾಕ್‌ಗೆ ತರುವವರು ಅದರ ಆದೇಶಗಳನ್ನು ಓಪನ್‌ಜಿಎಲ್‌ಗೆ ಅನುವಾದಿಸಬೇಕಾಗುತ್ತಿತ್ತು. ಅನುವಾದದ ಮೇಲೆ ಅನುವಾದವಾದಾಗ ಸ್ವಲ್ಪ ಸತ್ವ ಸೋರಿಹೋಗುವುದು ಸಾಹಿತ್ಯದಲ್ಲಿರುವಂತೆ ಇಲ್ಲಿಯೂ ಉಂಟು. ಮ್ಯಾಕ್‌ನ ಓಪನ್‌ಜಿಎಲ್ 2010ರಲ್ಲಿ ಪ್ರಕಟವಾದ 4.1ನೆಯ ಆವೃತ್ತಿಯನ್ನು ಎಂದೂ ದಾಟಲಿಲ್ಲ. 2018ರಲ್ಲಿ ಆಪಲ್ ಅದನ್ನು ಬಳಕೆಗೆ ಯೋಗ್ಯವಲ್ಲದ ಹಳೆಯ ತಂತ್ರವೆಂದು ಘೋಷಿಸಿ ತನ್ನದೇ ಆದ ಮೆಟಲ್ ಅನ್ನು ಮುಂದಿಟ್ಟಿತು.

ಚಾಲಕಗಳ ಪರಿಷ್ಕರಣೆಯ ಸಮಸ್ಯೆ

ವಿಂಡೋಸ್ ಕಡೆಗೆ ಹೊರಳಿದೊಡನೆ ಆಟಗಾರನ ಕಷ್ಟಗಳೆಲ್ಲ ತೀರುತ್ತಿದ್ದವು ಎನ್ನುವಂತಿಲ್ಲ. ಬೂಟ್ ಕ್ಯಾಂಪ್‌ನ ಚಾಲಕ ಸಂಚಯವನ್ನು ಆಪಲ್ ಸಿದ್ಧಪಡಿಸುತ್ತಿತ್ತು. ಕೀಲಿಮಣೆ, ಸ್ಪರ್ಶಫಲಕ, ಧ್ವನಿ, ನಿಸ್ತಂತು ಜಾಲ ಮುಂತಾದವುಗಳ ಚಾಲಕಗಳು ಹಳತಾದರೂ ಕೆಲಸ ಕೆಡುವುದಿಲ್ಲ. ಗ್ರಾಫಿಕ್ಸ್ ಚಾಲಕದ ಸ್ಥಿತಿ ಹಾಗಲ್ಲ. ಯಂತ್ರವನ್ನು ಕೊಂಡ ದಿನ ದೊರೆತ ಚಾಲಕವು ಮರುವರ್ಷದ ಆಟಕ್ಕೆ ಹಳತಾಗಿರುತ್ತದೆ, ಆಪಲ್‌ನ ಸಂಚಯವೋ ವಿರಳವಾಗಿ ಬದಲಾಗುತ್ತಿತ್ತು. ತನ್ನ ಯಂತ್ರದಲ್ಲಿ ಪ್ರತಿಸ್ಪರ್ಧಿಯ ವ್ಯವಸ್ಥೆಯನ್ನು ಚೆನ್ನಾಗಿ ಓಡಿಸಲು ಸಂಸ್ಥೆಯೊಂದು ವರ್ಷಗಟ್ಟಲೆ ಶ್ರಮಿಸಲಿ ಎಂದು ನಿರೀಕ್ಷಿಸುವುದು ವ್ಯಾವಹಾರಿಕವೂ ಆಗಿರಲಿಲ್ಲ.

ಹಾಗಿದ್ದರೆ ಚಿಪ್ ತಯಾರಕರ ಹೊಸ ಚಾಲಕವನ್ನೇ ನೇರವಾಗಿ ಹಾಕಿಕೊಳ್ಳಬಾರದೇಕೆ? ಇದಕ್ಕೆ ಅಡ್ಡಿಯಾದದ್ದು ಗುರುತಿನ ಸಂಖ್ಯೆಗಳು. ಪ್ರತಿಯೊಂದು ಗ್ರಾಫಿಕ್ಸ್ ಚಿಪ್ ತನ್ನ ತಯಾರಕನ ಸಂಖ್ಯೆ, ಮಾದರಿಯ ಸಂಖ್ಯೆ ಮತ್ತು ಅದನ್ನು ಅಳವಡಿಸಿದ ಗಣಕದ ತಯಾರಕನನ್ನು ಸೂಚಿಸುವ ಉಪಸಂಖ್ಯೆಗಳನ್ನು ಹೊತ್ತಿರುತ್ತದೆ. ವಿಂಡೋಸ್ ಚಾಲಕದ ಜೊತೆಗೆ ಐಎನ್‌ಎಫ್ ಎಂಬ ಪಠ್ಯ ಕಡತವೊಂದು ಬರುತ್ತದೆ. ಚಾಲಕವು ಯಾವ ಯಾವ ಸಂಖ್ಯೆಗಳಿಗೆ ಅನ್ವಯಿಸುತ್ತದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಲ್ಯಾಪ್‌ಟಾಪ್‌ನ ಶಾಖ ಮತ್ತು ವಿದ್ಯುತ್ ಬಳಕೆಯನ್ನು ಆಯಾ ತಯಾರಕರು ತಮ್ಮ ಅಗತ್ಯಕ್ಕೆ ತಕ್ಕಂತೆ ಹೊಂದಿಸಿರುವುದರಿಂದ ಲ್ಯಾಪ್‌ಟಾಪ್ ಚಿಪ್‌ಗಳ ಚಾಲಕಗಳನ್ನು ಗಣಕದ ತಯಾರಕರೇ ವಿತರಿಸುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ಪಟ್ಟಿಯಲ್ಲಿ ಆಪಲ್‌ನ ಉಪಸಂಖ್ಯೆ ಇಲ್ಲದಿದ್ದರೆ, ಚಾಲಕವು ಒಳಗಿನಿಂದ ಆ ಚಿಪ್ ಅನ್ನು ನಡೆಸಬಲ್ಲದಾದರೂ ಹೊಂದಿಕೆಯಾಗುವ ಯಂತ್ರಾಂಶ ಕಂಡುಬಂದಿಲ್ಲವೆಂದು ತಿಳಿಸಿ ಸ್ಥಾಪನೆ ನಿಂತುಹೋಗುತ್ತಿತ್ತು.

ಉತ್ಸಾಹಿಗಳು ಐಎನ್‌ಎಫ್ ಕಡತವನ್ನು ತೆರೆದು ತಮ್ಮ ಯಂತ್ರದ ಸಂಖ್ಯೆಯನ್ನು ಕೈಯಾರೆ ಸೇರಿಸುತ್ತಿದ್ದರು. ಹಾಗೆ ತಿದ್ದಿದ ಚಾಲಕಗಳನ್ನು ಇತರರಿಗೂ ಹಂಚುತ್ತಿದ್ದರು. ಇದರಲ್ಲಿ ಅಪಾಯವಿರಲಿಲ್ಲವೆಂದಲ್ಲ. ಚಾಲಕವು ವ್ಯವಸ್ಥೆಯ ಅತ್ಯಂತ ಒಳಗಿನ ಸ್ತರದಲ್ಲಿ ಓಡುವ ತಂತ್ರಾಂಶವಾದುದರಿಂದ 64 ಬಿಟ್‌ನ ವಿಂಡೋಸ್ ವಿಸ್ತಾದಿಂದ ಮೊದಲ್ಗೊಂಡು ಅದಕ್ಕೆ ಡಿಜಿಟಲ್ ಸಹಿ ಕಡ್ಡಾಯವಾಯಿತು. ಕಡತದ ಒಂದು ಸಾಲನ್ನು ತಿದ್ದಿದರೂ ಸಂಚಯದ ಸಹಿ ಅಸಿಂಧುವಾಗುತ್ತದೆ. ಅಂತಹ ಚಾಲಕವನ್ನು ಸ್ಥಾಪಿಸಲು ಸಹಿ ಪರೀಕ್ಷೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತಿತ್ತು. ಅಂದರೆ ಆಟದ ವೇಗಕ್ಕಾಗಿ ಬಾಗಿಲಿನ ಕಾವಲುಗಾರನನ್ನು ಕಳುಹಿಸಿದಂತೆ. ಅಪರಿಚಿತರು ತಿದ್ದಿದ ಚಾಲಕವನ್ನು ನಂಬುವ ಪ್ರಶ್ನೆಯನ್ನು ಬಹಳ ಬಳಕೆದಾರರು ಹಗುರವಾಗಿಯೇ ತೆಗೆದುಕೊಂಡಂತೆ ಕಾಣುತ್ತದೆ.

ಎನ್ವಿಡಿಯಾ ಚಿಪ್‌ಗಳ ವಿಷಯದಲ್ಲಿ ಪರಿಸ್ಥಿತಿ ಕ್ರಮೇಣ ಸುಧಾರಿಸಿತು. ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯ ಚಾಲಕವನ್ನು ತಾನೇ ವಿತರಿಸುವ ಪದ್ಧತಿಯನ್ನು ಆ ಸಂಸ್ಥೆ ಆರಂಭಿಸಿದ ನಂತರ, 2012ರ ಮ್ಯಾಕ್‌ಬುಕ್ ಪ್ರೊದಲ್ಲಿದ್ದ ಜಿಫೋರ್ಸ್ ಜಿಟಿ 650ಎಂನಂತಹ ಚಿಪ್‌ಗಳಿಗೆ ಹೊಸ ಚಾಲಕಗಳು ತಿದ್ದುಪಡಿಯಿಲ್ಲದೆ ದೊರೆಯತೊಡಗಿದವು. ಮುಂದೆ ಆಪಲ್ ತನ್ನ ಲ್ಯಾಪ್‌ಟಾಪ್‌ಗಳಲ್ಲಿ ಎಎಂಡಿ ಚಿಪ್‌ಗಳನ್ನು ಬಳಸಿತು. 2016ರ 15 ಅಂಗುಲದ ಮ್ಯಾಕ್‌ಬುಕ್ ಪ್ರೊದಲ್ಲಿ ರೇಡಿಯಾನ್ ಪ್ರೊ 450, 455 ಮತ್ತು 460 ಇದ್ದವು. ಎಎಂಡಿ ಬೂಟ್ ಕ್ಯಾಂಪ್‌ಗೆಂದೇ ಪ್ರತ್ಯೇಕ ಚಾಲಕಗಳನ್ನು ಪ್ರಕಟಿಸಿತಾದರೂ, ಅದರ ಸಾಮಾನ್ಯ ಚಾಲಕಗಳಷ್ಟು ಬೇಗಬೇಗನೆ ಅವು ಪರಿಷ್ಕೃತವಾಗಲಿಲ್ಲ.

ಎರಡು ಚಿಪ್‌ಗಳ ಯಂತ್ರಗಳು

2010ರ 15 ಮತ್ತು 17 ಅಂಗುಲದ ಮ್ಯಾಕ್‌ಬುಕ್ ಪ್ರೊಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದವು: ವಿದ್ಯುತ್ ಉಳಿಸುವ ಇಂಟೆಲ್‌ನದೊಂದು, ಶಕ್ತಿಶಾಲಿಯಾದ ಎನ್ವಿಡಿಯಾ ಜಿಫೋರ್ಸ್ ಜಿಟಿ 330ಎಂ ಇನ್ನೊಂದು. ಮ್ಯಾಕ್ ಓಎಸ್ ಎಕ್ಸ್ ಅಗತ್ಯಕ್ಕೆ ತಕ್ಕಂತೆ ಇವೆರಡರ ನಡುವೆ ತಾನಾಗಿಯೇ ಬದಲಾಯಿಸಿಕೊಳ್ಳುತ್ತಿತ್ತು. ಬದಲಾಯಿಸುವ ಯಂತ್ರಾಂಶ ಆಪಲ್‌ನ ಸ್ವಂತದ್ದಾಗಿದ್ದು, ಬೇರೆ ವ್ಯವಸ್ಥೆ ತೆರೆದುಕೊಂಡಾಗ ಮೂಲ ತಂತ್ರಾಂಶವು ಇಂಟೆಲ್ ಚಿಪ್ ಅನ್ನು ಮರೆಮಾಡುತ್ತಿತ್ತು. ಹೀಗಾಗಿ ವಿಂಡೋಸ್‌ನಲ್ಲಿ ಶಕ್ತಿಶಾಲಿ ಚಿಪ್ ಮಾತ್ರ ಸದಾ ಚಾಲನೆಯಲ್ಲಿರುತ್ತಿತ್ತು. ಆಟಕ್ಕೆ ಇದು ಅನುಕೂಲವೇ ಸರಿ. ಆದರೆ ಬರಿಯ ಪತ್ರವೊಂದನ್ನು ಟೈಪು ಮಾಡುವಾಗಲೂ ಯಂತ್ರ ಕಾಯುತ್ತಿತ್ತು, ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು. ಬೂಟ್ ಕ್ಯಾಂಪ್‌ನಲ್ಲಿ ವಿಂಡೋಸ್ ಬ್ಯಾಟರಿಯನ್ನು ತಿನ್ನುತ್ತದೆ ಎಂಬ ವ್ಯಾಪಕ ದೂರಿನ ಮೂಲ ಬಹುಮಟ್ಟಿಗೆ ಇದೇ ಆಗಿತ್ತು.

ರೆಟಿನಾ ಪರದೆ

2012ರ ಜೂನ್‌ನಲ್ಲಿ ಬಂದ ರೆಟಿನಾ ಮ್ಯಾಕ್‌ಬುಕ್ ಪ್ರೊದ ಪರದೆಯಲ್ಲಿ 2880×1800, ಅಂದರೆ 51,84,000 ಬಿಂದುಗಳಿದ್ದವು. ಪ್ರತಿ ಚಿತ್ರಕ್ಕೂ ಇಷ್ಟು ಬಿಂದುಗಳಿಗೆ ಬಣ್ಣ ತುಂಬುವುದು ಅಂದಿನ ಲ್ಯಾಪ್‌ಟಾಪ್ ಚಿಪ್‌ಗೆ ಭಾರವಾದ ಹೊರೆ. ಆಟದ ಆಯ್ಕೆಗಳಲ್ಲಿ 1440×900 ಎಂದು ಹೊಂದಿಸಿದರೆ ಬಿಂದುಗಳ ಸಂಖ್ಯೆ ಸರಿಯಾಗಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಉದ್ದ ಅಗಲಗಳೆರಡೂ ಅರ್ಧವಾಗುವುದರಿಂದ ಚಿತ್ರದ ಪ್ರಮಾಣವೂ ಕೆಡುವುದಿಲ್ಲ. ಬೂಟ್ ಕ್ಯಾಂಪ್ ಬಳಕೆದಾರರಿಗೆ ಚಾಲಕವನ್ನು ಮುಟ್ಟದೆಯೇ ವೇಗ ಹೆಚ್ಚಿಸಿಕೊಳ್ಳುವ ಸುಲಭೋಪಾಯ ಇದಾಗಿತ್ತು.

ಅಂತ್ಯ

2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ಇರುವ ಮ್ಯಾಕ್‌ಗಳನ್ನು ಬಿಡುಗಡೆ ಮಾಡಿತು. ಈ ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ವಿಂಡೋಸ್‌ನ ಆರ್ಮ್ ಆವೃತ್ತಿಯನ್ನು ಕಲ್ಪಿತ ಯಂತ್ರದಲ್ಲಿ ಓಡಿಸಬಹುದಾಗಿದೆಯಷ್ಟೆ. 2023ರಲ್ಲಿ ಆಪಲ್ ಪ್ರಕಟಿಸಿದ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಡೈರೆಕ್ಟ್‌ಎಕ್ಸ್ ಆದೇಶಗಳನ್ನು ಮೆಟಲ್‌ಗೆ ಅನುವಾದಿಸುತ್ತದೆ. ಅದು ಮುಖ್ಯವಾಗಿ ಆಟಗಳ ನಿರ್ಮಾಪಕರಿಗಾಗಿ ರೂಪಿತವಾದುದು.

ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್‌ನ ಅಧಿಕೃತ ಬೆಂಬಲ ವಿಂಡೋಸ್ 10ಕ್ಕೆ ನಿಂತಿತು. ವಿಂಡೋಸ್ 11 ಬೇಡುವ ಟಿಪಿಎಂ 2.0 ಭದ್ರತಾ ಸೌಲಭ್ಯವನ್ನು ಈ ಯಂತ್ರಗಳು ವಿಂಡೋಸ್‌ಗೆ ಒದಗಿಸುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಗ್ರಾಫಿಕ್ಸ್ ಚಿಪ್ ಇನ್ನೂ ದುಡಿಯಬಲ್ಲ ಸ್ಥಿತಿಯಲ್ಲಿರುವ ಅನೇಕ ಮ್ಯಾಕ್‌ಬುಕ್‌ಗಳಲ್ಲಿ ಹಳೆಯ ಆಟಗಳು ಇಂದಿಗೂ ಓಡುತ್ತವೆ. ಹೊಸ ಚಾಲಕವನ್ನು ಕೇಳುವ ಹೊಸ ಆಟಗಳು ಮಾತ್ರ ಅವುಗಳಲ್ಲಿ ತೆರೆದುಕೊಳ್ಳುವುದಿಲ್ಲ.